ಬೇರೆಯವರ ಬೆಳಗಿನ ತಿಂಡಿ

ಜೂನ್ 9

ಪ್ರೀತಿಯ ಗುಬ್ಬಿಗೆ,

ನಿನ್ನನ್ನು ಚಿಕ್ಕಮ್ಮನ ಬೇಕರಿಯ ಮೇಲಿನ ಕೋಣೆಯಲ್ಲಿ ಬಿಟ್ಟು ಬಂದು ಇಂದಿಗೆ ನಾಲ್ಕು ದಿನ. ರೈಲಿನಲ್ಲಿ ಕೂತಾಗಲೇ ಈ ಕಾಗದ ಶುರು ಮಾಡಿದ್ದೆ. ಎರಡು ಸಲ ಬರೆದು ಹರಿದು ಹಾಕಿದೆ. ಕರಾರು ನೆನಪಿದೆ: ಮೂರು ತಿಂಗಳು ಫೋನ್ ಬೇಡ, ಕಾಗದ ಮಾತ್ರ. ಕಾಗದದಲ್ಲಿ ನಿನ್ನ ಊಟದ ಮಾತು ಬೇಡ, ತೂಕದ ಮಾತು ಬೇಡ. ಡಾಕ್ಟರು ಹಾಗೆಂದಾಗ ಸುಲಭವಾಗಿ ತಲೆಯಾಡಿಸಿಬಿಟ್ಟೆ. ಮನೆಗೆ ಬಂದು ಯೋಚಿಸಿದರೆ, ಕಳೆದೊಂದು ವರ್ಷದಲ್ಲಿ ನಾನು ನಿನ್ನ ಜೊತೆ ಆಡಿದ ಮಾತಿನಿಂದ ಅವೆರಡನ್ನು ತೆಗೆದರೆ ಉಳಿಯುವುದು ಬಹಳ ಕಡಿಮೆ.

ಆ ಉಳಿದದ್ದನ್ನೇ ಬರೆಯುತ್ತೇನೆ. ಹಳೆಯ ತೂಕದ ಯಂತ್ರವನ್ನು ಡ್ಯೂಟಿಗೆ ಹೋದಾಗ ನಮ್ಮ ಆಸ್ಪತ್ರೆಯ ಔಷಧಿ ವಿಭಾಗಕ್ಕೆ ವಾಪಸು ಕೊಟ್ಟೆ. "ಇಷ್ಟು ದಿನ ಮನೇಲಿ ಇದನ್ನಿಟ್ಕೊಂಡು ಏನ್ ತೂಗ್ತಿದ್ರಿ ಮೇಡಂ?" ಎಂದು ಸ್ಟೋರಿನವರು ಕೇಳಿದರು. ಹಿಟ್ಟು ಅಂದೆ. ಮಗಳ ಊಟದ ಡಬ್ಬಿಯನ್ನು ಶಾಲೆಗೆ ಹೋಗುವಾಗ ಒಮ್ಮೆ, ಬಂದ ಮೇಲೆ ಒಮ್ಮೆ ತೂಗುತ್ತಿದ್ದೆ ಎಂದು ಹೇಳಲು ಬಾಯಿ ಬರಲಿಲ್ಲ. ಅದನ್ನೆಲ್ಲ ಬರೆದಿಡುತ್ತಿದ್ದ ನೋಟ್‌ಬುಕ್ಕನ್ನೂ ಹರಿದು ಹಾಕಿದ್ದೇನೆ. ಅದು ನಿನ್ನ ಕೈಗೆ ಸಿಕ್ಕಿದ ದಿನವೇ ಹರಿಯಬೇಕಿತ್ತು. ಅದಕ್ಕೂ ಮೊದಲು ಅದನ್ನು ಕೊಳ್ಳಲೇಬಾರದಿತ್ತು.

ಅಪ್ಪ ದಿನಾ ಅಂಚೆ ಡಬ್ಬಿ ನೋಡಿ ಬರುತ್ತಾರೆ. ಬರೆಯಲು ಏನೂ ತೋಚದಿದ್ದರೆ ಬೇಕರಿಗೆ ಬರುವವರ ಬಗ್ಗೆ ಬರೆ. ಬೇರೆಯವರ ತಿಂಡಿಯ ಬಗ್ಗೆ ಕರಾರಿನಲ್ಲಿ ಏನೂ ಇಲ್ಲ.

ನಿನ್ನ
ಅಮ್ಮ


ಜೂನ್ 17

ಅಮ್ಮನಿಗೆ,

ಬೆಳಿಗ್ಗೆ ಆರೂವರೆಗೆ ಶಟರ್ ಎತ್ತುತ್ತೇವೆ. ನನ್ನದು ಕೌಂಟರಿನ ಕೆಲಸ. ಆ ಹೊತ್ತಿನಲ್ಲಿ ಬರುವವರೆಲ್ಲ ಕೇಳುವುದು ಬೆಣ್ಣೆಯ ಪದರ ಪದರದ ಕ್ರೋಸಾಂಟ್. ಚಿಕ್ಕಮ್ಮ ದಿನಕ್ಕೆ ಅರವತ್ತು ಮಾಡುತ್ತಾಳೆ. ಒಂಬತ್ತು ಗಂಟೆಗೆ ಒಂದೂ ಉಳಿದಿರುವುದಿಲ್ಲ.

ನೀನೇ ಕೇಳಿದೆಯಲ್ಲ, ತಗೋ.

ಬಸ್ ಡ್ರೈವರ್ ನಿಂತೇ ತಿನ್ನುತ್ತಾರೆ. ಕ್ರೋಸಾಂಟನ್ನು ಕಾಫಿಯಲ್ಲಿ ಅರ್ಧದವರೆಗೆ ಅದ್ದಿ, ಅದು ಜಾರಿ ಬೀಳುವ ಮೊದಲು ಬಾಯನ್ನೇ ಲೋಟದ ಹತ್ತಿರ ಒಯ್ಯುತ್ತಾರೆ. ಕೊನೆಗೆ ಕಾಫಿಯ ಮೇಲೆ ಬೆಣ್ಣೆ ಸಣ್ಣ ಸಣ್ಣ ಕಣ್ಣುಗಳಾಗಿ ತೇಲುತ್ತದೆ. ಅದನ್ನೂ ಕುಡಿದು, "ಆಯಿಲ್ ಚೇಂಜ್ ಆಯ್ತು, ಇನ್ನು ಮಧ್ಯಾಹ್ನದವರೆಗೆ ಗಾಡಿ ಓಡತ್ತೆ" ಅನ್ನುತ್ತಾರೆ. ದಿನಾ ಅದೇ ಜೋಕು. ದಿನಾ ಅವರೊಬ್ಬರೇ ನಗುತ್ತಾರೆ.

ರಿಟೈರಾದ ಲೆಕ್ಕದ ಮೇಷ್ಟ್ರಿಗೆ ಚಾಕು, ಫೋರ್ಕ್ ಎರಡೂ ಬೇಕು. ಸಮ ಸಮವಾಗಿ ಕತ್ತರಿಸಬೇಕೆಂದು ಅವರ ಆಸೆ. ಚಾಕು ತಾಗಿದ್ದೇ ತಡ, ಮೇಲಿನ ಪದರವೆಲ್ಲ ಪುಡಿ ಪುಡಿಯಾಗಿ ಕೋಟಿನ ಮೇಲೆ ಬೀಳುತ್ತದೆ. "ಇದಕ್ಕೆ ಶಿಸ್ತು ಅನ್ನೋದೇ ಇಲ್ಲ" ಎಂದು ಚಿಕ್ಕಮ್ಮನಿಗೆ ದೂರು ಕೊಡುತ್ತಾರೆ. ಮಾರನೆಯ ದಿನ ಮತ್ತೆ ಹಾಜರು.

ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳೊಬ್ಬಳು ಕಿಟಕಿಯ ಮೇಜಿಗೇ ಕೂರುತ್ತಾಳೆ. ಅವಳು ಒಂದೊಂದೇ ಪದರ ಬಿಡಿಸುತ್ತಾಳೆ, ಬೆಳಕಿಗೆ ಹಿಡಿದು ನೋಡುತ್ತಾಳೆ, ಆಮೇಲೆ ತಿನ್ನುತ್ತಾಳೆ. ಒಂದಕ್ಕೆ ನಲವತ್ತು ನಿಮಿಷ. ನಡುವಿನ ಮೆತ್ತಗಿನದು ಬಂದಾಗ ಕಣ್ಣು ಮುಚ್ಚುತ್ತಾಳೆ.

ಈಜು ಬಾರದವರು ದಡದಲ್ಲಿ ಕೂತು ಈಜುವವರನ್ನು ನೋಡುವ ಹಾಗೆ ಇವರನ್ನೆಲ್ಲ ನೋಡುತ್ತೇನೆ.

ಇನ್ನೊಂದು. ಗುಬ್ಬಿ ಅಂತ ಕರೆಯಬೇಡ. ಹುಟ್ಟಿದಾಗ ಅಂಗೈಯಷ್ಟಿದ್ದೆ, ಅದಕ್ಕೆ ಆ ಹೆಸರು ಅಂತ ಗೊತ್ತು. ಆದರೆ ಮನೆಗೆ ಬಂದವರ ಮುಂದೆಲ್ಲ ನೀನು "ಇವಳು ತಿನ್ನೋದೂ ಗುಬ್ಬಿ ಹಾಗೇ" ಅನ್ನುತ್ತಿದ್ದೆ. ಆಗ ನಿನ್ನ ದನಿಯಲ್ಲಿ ಹೆಮ್ಮೆ ಇರುತ್ತಿತ್ತು.

ನಾನು


ಜೂನ್ 24

ಮಗಳೇ,

ಈ ಒಂದು ಪದ ಬರೆಯುವುದಕ್ಕೆ ಒಂದು ಸಂಜೆ ಹಿಡಿಯಿತು. ಹದಿನೇಳು ವರ್ಷದ ರೂಢಿ, ಕೈ ತಾನಾಗಿ ಅತ್ತ ಹೋಗುತ್ತದೆ. ತಪ್ಪಿದರೆ ಕ್ಷಮಿಸು.

ನಿನ್ನ ಕಾಗದವನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಎದ್ದು ಹೋಗಿ ಒಂದು ಪ್ಯಾಕೆಟ್ ಕ್ರೋಸಾಂಟ್ ತಂದರು. ಡ್ರೈವರ್ ಮಾಡಿದಂತೆ ಚಹಾದಲ್ಲಿ ಅದ್ದಿದರು. ಅರ್ಧ ಮುಳುಗಿ ತಳ ಸೇರಿತು. ಚಮಚದಲ್ಲಿ ಹುಡುಕುತ್ತಾ, "ಇದಕ್ಕೂ ಲೈಸೆನ್ಸ್ ಬೇಕು ಅಂತ ಕಾಣತ್ತೆ" ಅಂದರು. ನೀನು ಹೋದ ಮೇಲೆ ಈ ಅಡುಗೆಮನೆಯಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು.

ಹೆಮ್ಮೆಯ ಮಾತು ನಿಜ. ಇತ್ತು. ಯಾಕಿತ್ತು ಎಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಉತ್ತರ ಗೊತ್ತಾದ ದಿನ ಬರೆಯುತ್ತೇನೆ. ಗೊತ್ತಾಗುವ ಮೊದಲೇ ಏನಾದರೂ ಚೆಂದದ್ದು ಬರೆದುಬಿಟ್ಟರೆ ನೀನು ಕೂಡಲೇ ಕಂಡುಹಿಡಿಯುತ್ತೀ.

ಕನ್ನಡಕದ ಅಂಗಡಿಯವಳು ಕಣ್ಣು ಮುಚ್ಚಿದಾಗ ನೀನು ಎಲ್ಲಿರುತ್ತೀ? ಕೂತಿರುತ್ತೀಯಾ? ನಿನ್ನ ಮುಂದೆ ಏನಾದರೂ— ಈ ಸಾಲನ್ನು ಹೊಡೆದು ಹಾಕಿದ್ದೇನೆ. ಆದರೂ ಓದಲು ಬರುತ್ತದೆ ಎಂದು ಗೊತ್ತು. ಬೇರೆ ಹಾಳೆಯಲ್ಲಿ ಬರೆಯಬಹುದಿತ್ತು. ಬರೆಯಲಿಲ್ಲ. ನಾನು ಹೇಗಿದ್ದೇನೋ ಹಾಗೇ ನಿನಗೆ ಕಾಣಲಿ.

ಅಮ್ಮ


ಜುಲೈ 8

ಅಮ್ಮನಿಗೆ,

ಚಿಕ್ಕಮ್ಮ ನನ್ನನ್ನು ಒಳಗಿನ ಕೆಲಸಕ್ಕೂ ಸೇರಿಸಿಕೊಂಡಿದ್ದಾಳೆ. ಹಿಟ್ಟನ್ನು ಲಟ್ಟಿಸಿ, ನಡುವೆ ಬೆಣ್ಣೆಯ ಹಾಳೆ ಇಟ್ಟು ಮಡಿಚಬೇಕು. ಫ್ರಿಜ್ಜಿನಲ್ಲಿಟ್ಟು, ಮತ್ತೆ ಲಟ್ಟಿಸಿ ಮತ್ತೆ ಮಡಿಚಬೇಕು. ಕೈ ಬೆಚ್ಚಗಿದ್ದರೆ ಬೆಣ್ಣೆ ಕರಗಿ ಪದರ ಅಂಟಿಕೊಳ್ಳುತ್ತದೆ. ನನ್ನ ಕೈ ಯಾವಾಗಲೂ ತಣ್ಣಗಿರುತ್ತದಲ್ಲ, ಈ ಕೆಲಸಕ್ಕೆ ಹೇಳಿ ಮಾಡಿಸಿದ ಕೈ ಅಂತ ಅವಳು ಹೊಗಳಿದಳು. ಹೊಗಳಿದ ಮೇಲೆ ಅವಳ ಮುಖ ಒಂಥರಾ ಆಯಿತು. ನಾನು ನೋಡದ ಹಾಗಿದ್ದೆ.

ಇನ್ನೊಂದು ಕೆಲಸವೂ ನನ್ನ ಪಾಲಿಗೆ ಬಂದಿದೆ. ಬೇಕರಿಗೆ ಯಾವ ಕಾಗದ ಬಂದರೂ ಚಿಕ್ಕಮ್ಮ ಓವನ್ ಪಕ್ಕದ ಮೊಳೆಗೆ ಚುಚ್ಚಿಬಿಡುತ್ತಾಳೆ. ಕೇಕಿನ ಆರ್ಡರು, ಕರೆಂಟ್ ಕಛೇರಿಯ ನೋಟೀಸು, ಯಾರದೋ ಮಗುವಿನ ಫೋಟೋ, ಎಲ್ಲ ಒಂದೇ ಮೊಳೆಗೆ. ಶನಿವಾರ ಅವನ್ನೆಲ್ಲ ಬಿಡಿಸಿ ವಿಂಗಡಿಸಿ ಕಟ್ಟು ಕಟ್ಟುವುದು ನಾನು.

ಹೊಸ ಗಿರಾಕಿಗಳು ಒಬ್ಬ ಗಂಡ, ಒಬ್ಬ ಹೆಂಡತಿ. ಅರವತ್ತು ದಾಟಿದವರು, ಮಾತೇ ಇಲ್ಲ. ಇಬ್ಬರ ನಡುವೆ ಒಂದೇ ಕ್ರೋಸಾಂಟ್. ಗಂಡ ಎರಡೂ ತುದಿ ಮುರಿದುಕೊಂಡು, ನಡುಭಾಗವನ್ನು ಹೆಂಡತಿಯ ಕಡೆ ತಳ್ಳುತ್ತಾರೆ. ಒಬ್ಬರಿಗೆ ಗರಿಗರಿ ಇಷ್ಟ, ಒಬ್ಬರಿಗೆ ಮೆತ್ತಗಿನದು. ಮೊನ್ನೆ ಆಕೆ ಒಬ್ಬರೇ ಬಂದರು. ನಡುಭಾಗ ತಿಂದು ತುದಿಗಳನ್ನು ತಟ್ಟೆಯಲ್ಲೇ ಬಿಟ್ಟು ಹೋದರು. ಗಂಡನಿಗೆ ಏನಾಯಿತೋ ಎಂದು ಇಡೀ ದಿನ ಬಾಗಿಲ ಕಡೆಯೇ ನೋಡುತ್ತಿದ್ದೆ. ಮರುದಿನ ಚಿಕ್ಕಮ್ಮ ನೇರವಾಗಿ ಕೇಳಿಯೇಬಿಟ್ಟಳು. ಗಂಡನಿಗೆ ಹಲ್ಲುನೋವಂತೆ.

ನಾನು


ಜುಲೈ 13

ಪ್ರೀತಿಯ ತಂಗಿಗೆ,

ಇದು ನಿನಗೊಬ್ಬಳಿಗೇ. ಓದಿ ಹರಿದು ಹಾಕು.

ಅವಳ ಕಾಗದ ಬಂದಿದೆ. ಎಲ್ಲರೂ ತಿನ್ನುತ್ತಾರೆ ಅದರಲ್ಲಿ, ಅವಳೊಬ್ಬಳನ್ನು ಬಿಟ್ಟು. ತಣ್ಣನೆಯ ಕೈಯ ವಿಷಯ ಓದಿದ ಮೇಲೆ ನನಗೆ ನಿದ್ದೆಯಿಲ್ಲ. ಹೊಟ್ಟೆಗೆ ಬೀಳದ ಮೈಯಲ್ಲಿ ಕೈ ಯಾಕೆ ತಣ್ಣಗಿರುತ್ತದೆ ಎಂದು ಔಷಧಿ ಕೊಡುವವಳಾದ ನನಗೆ ಗೊತ್ತು, ನಿನಗೂ ಗೊತ್ತು.

ದಿನಾ ತಟ್ಟೆಯಲ್ಲಿ ಎಷ್ಟು ಬಿಡುತ್ತಾಳೆ ಎಂದು ಒಂದು ಚೀಟಿಯಲ್ಲಿ ಬರೆದಿಡುತ್ತೀಯಾ? ನಿನ್ನ ಹತ್ತಿರ ಹಿಟ್ಟಿನ ತಕ್ಕಡಿ ಇದೆಯಲ್ಲ, ಅದೇ ಸಾಕು. ವಾರಕ್ಕೊಮ್ಮೆ ಕಳಿಸು. ಕರಾರು ಮುರಿಯುತ್ತಿದ್ದೇನೆಂದು ಗೊತ್ತು. ಏನೂ ಗೊತ್ತಿಲ್ಲದೆ ಇಲ್ಲಿ ಕೂತಿರಲು ನನ್ನ ಕೈಲಾಗುತ್ತಿಲ್ಲ.

ಅಕ್ಕ


ಜುಲೈ 19

ಅಕ್ಕಾ,

ತಕ್ಕಡಿ ಹಿಟ್ಟಿಗೆ ಇರುವುದು. ಅದು ನನ್ನಿಂದಾಗದು.

ನೀನು ಸಂಕಟಪಡುತ್ತಿದ್ದೀ ಎಂದು ಒಂದೇ ಸಲ ಹೇಳುತ್ತೇನೆ, ಮತ್ತೆ ಕೇಳಬೇಡ. ಬೆಳಿಗ್ಗೆ ಬರೀ ಕಾಫಿ. ಸಂಜೆ ನನ್ನ ಎದುರು ಕೂತು ಒಂದು ಬಟ್ಟಲು ಸೂಪು, ಕೆಲವು ದಿನ ಅದರ ಜೊತೆ ಬ್ರೆಡ್ಡು. ಕ್ರೋಸಾಂಟ್ ಮಾತ್ರ ಮುಟ್ಟಿಲ್ಲ. ಮಡಿಚುತ್ತಾಳೆ, ಬೇಯಿಸುತ್ತಾಳೆ, ತಿನ್ನುವವರನ್ನು ಕಣ್ಣು ಮಿಟುಕಿಸದೆ ನೋಡುತ್ತಾಳೆ. ಆಗಸ್ಟ್ 28ಕ್ಕೆ ದೊಡ್ಡ ತಪಾಸಣೆ. ಅಷ್ಟರಲ್ಲಿ ಚೇತರಿಕೆ ಕಾಣದಿದ್ದರೆ ವಾರ್ಡಿಗೆ ಸೇರಿಸುತ್ತಾರಂತೆ. ಅವಳಿಗೆ ಅದು ಗೊತ್ತು. ವಾರ್ಡೆಂದರೆ ಅವಳಿಗೆ ಎಷ್ಟು ಹೆದರಿಕೆ ಎಂದು ನಿನಗೂ ಗೊತ್ತಿರಲಿ.

ನಿನ್ನ ತಂಗಿ


ಜುಲೈ 24

ಅಕ್ಕಾ,

ತಪ್ಪು ನನ್ನದು. ಅಂದು ನಿನ್ನ ಕಾಗದ ಓದುತ್ತಿರುವಾಗಲೇ ಓವನ್ನಿನ ಗಂಟೆ ಹೊಡೆಯಿತು. ಕೈ ತಾನಾಗಿ ಅದನ್ನು ಮೊಳೆಗೆ ಚುಚ್ಚಿತು. ಇಪ್ಪತ್ತು ವರ್ಷದ ಅಭ್ಯಾಸ. ಉತ್ತರ ಬರೆದು ಹಾಕಿದ ಮೇಲೂ ನೆನಪಾಗಲಿಲ್ಲ. ಶನಿವಾರ ಅವಳ ಕೈಗೆ ಸಿಕ್ಕಿತು.

ಅವಳು ಅದನ್ನು ಹರಿಯಲಿಲ್ಲ, ಅಳಲಿಲ್ಲ. "ಉತ್ತರ ಕೊಡಬೇಕಾದವು" ಅನ್ನುವ ಕಟ್ಟಿನಲ್ಲಿ ನೀಟಾಗಿ ಇಟ್ಟಿದ್ದಾಳೆ. ಎರಡು ದಿನದಿಂದ ಸೂಪೂ ಇಲ್ಲ.

ನಿನ್ನ ತಂಗಿ


ಜುಲೈ 29

ಮಗಳೇ,

ನಾನು ಬರೆದದ್ದು ನಿಜ. ಚಿಕ್ಕಮ್ಮ ಒಪ್ಪಲಿಲ್ಲ, ಅದೂ ನಿಜ. ಅವಳ ಮೇಲೆ ಕೋಪ ಬೇಡ.

ತಕ್ಕಡಿ ವಾಪಸು ಕೊಟ್ಟೆ ಎಂದು ಮೊದಲ ಕಾಗದದಲ್ಲಿ ಎಷ್ಟು ದೊಡ್ಡದಾಗಿ ಬರೆದಿದ್ದೆ. ಒಂದು ತಿಂಗಳು ಕಳೆಯುತ್ತಲೇ ಇನ್ನೊಂದರ ಮೊರೆ ಹೋದೆ. ಯಂತ್ರ ಕೊಟ್ಟರೆ ಅಭ್ಯಾಸ ಹೋಗುವುದಿಲ್ಲ. ಕ್ಷಮೆ ಕೇಳುತ್ತಿದ್ದೇನೆ. ನೀನು ಕ್ಷಮಿಸಲೇಬೇಕು ಎಂದು ಕೇಳುತ್ತಿಲ್ಲ.

ಅಮ್ಮ


ಆಗಸ್ಟ್ 7

ಮಗಳೇ,

ನಿನ್ನ ಕಾಗದವಿಲ್ಲ. ಅಪ್ಪ ಅಂಚೆ ಡಬ್ಬಿಗೆ ಎಣ್ಣೆ ಬಿಟ್ಟಿದ್ದಾರೆ, ಮುಚ್ಚಳ ಬಿಗಿಯಾಗಿರುವುದರಿಂದ ಕಾಗದ ಬರುತ್ತಿಲ್ಲ ಅನ್ನುವ ಹಾಗೆ.

ಇವತ್ತು ಕೌಂಟರಿನಲ್ಲಿ ಮಾತ್ರೆ ಎಣಿಸುತ್ತಿದ್ದೆ. ತಟ್ಟೆಯ ಮೇಲೆ ಸುರಿದು, ಐದೈದಾಗಿ ಸರಿಸುವುದು. ಎಣಿಸುತ್ತಾ ಎಣಿಸುತ್ತಾ, ಮುಂದೆ ನಿಂತ ಮುದುಕರ ಮುಖವನ್ನು ನಾನು ಒಮ್ಮೆಯೂ ನೋಡಿಲ್ಲ ಎಂದು ಹೊಳೆಯಿತು. ತಲೆಯೆತ್ತಿ ನೋಡಿದೆ. ಲೆಕ್ಕ ತಪ್ಪಿತು. ಮೊದಲಿಂದ ಎಣಿಸಿದೆ.

ಅಮ್ಮ


ಆಗಸ್ಟ್ 13

ಅಮ್ಮ,

ನೀನು ಹೇಗೆ ತಿನ್ನುತ್ತೀ?


ಆಗಸ್ಟ್ 19

ಮಗಳೇ,

ನಿನ್ನ ಪ್ರಶ್ನೆಗೆ ಕೂತಲ್ಲೇ ಉತ್ತರ ಬರೆಯಲು ಹೊರಟೆ, ಗೊತ್ತಿಲ್ಲ ಎಂದು ತಿಳಿಯಿತು. ಅದಕ್ಕೆ ನಿನ್ನೆ ಡ್ಯೂಟಿಗೆ ಮುಂಚೆ ಆಸ್ಪತ್ರೆಯ ಎದುರಿನ ಕಾಫಿ ಅಂಗಡಿಗೆ ಹೋಗಿ ಒಂದು ಕ್ರೋಸಾಂಟ್ ಕೇಳಿದೆ. ತಟ್ಟೆ ಹಿಡಿದು ಕೌಂಟರಿನ ಪಕ್ಕ ನಿಂತೇ ಇದ್ದೆ. ಅಂಗಡಿಯಾಕೆ, "ಕೂತ್ಕೊಳ್ಳಿ ಮೇಡಂ, ಅದಕ್ಕೇನು ಕಾಲಿದ್ಯಾ ಓಡಿಹೋಗೋಕೆ" ಅಂದಳು. ಕೂತೆ.

ನಾನು ಹೀಗೆ ತಿನ್ನುತ್ತೇನೆ. ಮೊದಲು ಅರ್ಧ ಮಾಡಿ ಒಂದರ್ಧವನ್ನು ಅಪ್ಪನಿಗೆಂದು ಟಿಶ್ಯೂವಿನಲ್ಲಿ ಸುತ್ತಿದೆ. ಉಳಿದದ್ದನ್ನು ಮತ್ತೆ ಅರ್ಧ ಮಾಡಿದೆ, ಆಮೇಲೆ ತಿಂದರಾಯಿತು ಎಂದು. ಆ ಕಾಲು ಭಾಗದಲ್ಲೂ ನಡುವಿನದನ್ನು ಬದಿಗಿಟ್ಟೆ. ಕೊನೆಗೆ ನಾನು ತಿಂದದ್ದು ತಟ್ಟೆಗೆ ಉದುರಿದ ಪುಡಿ. ಬೆರಳು ಒದ್ದೆ ಮಾಡಿ ಒತ್ತಿ ಒತ್ತಿ ತೆಗೆದೆ. ಅಷ್ಟು ಹೊತ್ತಿಗೆ ನನಗೆ ಹಸಿವಾಗಿದೆ ಎಂದು ಗೊತ್ತಾಯಿತು. ತುಂಬಾ ಹಸಿವಾಗಿತ್ತು. ಎಷ್ಟು ವರ್ಷದಿಂದ ಎಂದು ಕೇಳಬೇಡ.

ಹೆಮ್ಮೆಯ ಉತ್ತರವೂ ಅಲ್ಲೇ ಎಲ್ಲೋ ಇದೆ. ಕಡಿಮೆ ತಿನ್ನುವವಳೇ ಒಳ್ಳೆಯ ಹುಡುಗಿ ಎಂದು ನನಗೆ ಯಾರೂ ಬಾಯಿಬಿಟ್ಟು ಹೇಳಿಕೊಟ್ಟ ನೆನಪಿಲ್ಲ. ನಿನಗೆ ನಾನೂ ಹೇಳಿಕೊಡಲಿಲ್ಲ, ಆದರೂ ಇಬ್ಬರೂ ಕಲಿತೆವು.

ಇನ್ನೊಂದು ನೆನಪು ಬಂತು. ನಿನಗೆ ಒಂಬತ್ತು ವರ್ಷ. ಚಿಕ್ಕಮ್ಮನ ಬೇಕರಿಯಲ್ಲೇ. ನೀನು ಒಂದು ಕ್ರೋಸಾಂಟ್ ಇಡಿಯಾಗಿ ತಿಂದು, ಗಲ್ಲದ ತುಂಬ ಪುಡಿ ಮೆತ್ತಿಕೊಂಡು, ಇನ್ನೊಂದಕ್ಕೆ ಕೈಚಾಚಿದೆ. ನಾನು ನಗುತ್ತಾ "ಇನ್ನೊಂದಾ?" ಅಂದೆ. ಅಂಗಡಿಯಲ್ಲಿದ್ದವರೂ ನಕ್ಕರು. ನೀನು ಕೈ ಹಿಂದಕ್ಕೆ ತೆಗೆದುಕೊಂಡೆ. ಎಲ್ಲ ಅಲ್ಲಿಂದಲೇ ಶುರುವಾಯಿತೇನೋ ಎಂದು ನಿನ್ನೆಯಿಂದ ಅದೇ ಕಣ್ಣ ಮುಂದಿದೆ.

ಅಮ್ಮ


ಆಗಸ್ಟ್ 23

ಅಮ್ಮನಿಗೆ,

ನೀನು ಬರೆದದ್ದು ನನಗೆ ನೆನಪೇ ಇಲ್ಲ. ಎಷ್ಟು ಯೋಚಿಸಿದರೂ ಬರುತ್ತಿಲ್ಲ. ಒಂದು ಮಾತಿನಿಂದ ಶುರುವಾಗಿದ್ದರೆ ಒಂದು ಮಾತಿನಿಂದ ಮುಗಿಯಬಹುದಿತ್ತು. ಹಾಗೇನಿಲ್ಲ ಇದು.

ನನಗಿರುವ ನೆನಪು ಬೇರೆ. ನಾವೆಲ್ಲ ತಿಂದೆದ್ದ ಮೇಲೆ ನೀನು ತಟ್ಟೆಗಳನ್ನು ಸಿಂಕಿಗೆ ಒಯ್ಯುತ್ತಿದ್ದೆ. ಬೆನ್ನು ನಮ್ಮ ಕಡೆ. ನಲ್ಲಿ ತಿರುಗಿಸುವ ಮೊದಲು ನನ್ನ ತಟ್ಟೆಯಲ್ಲಿ ಮಿಕ್ಕದ್ದನ್ನು ಬೆರಳಿಂದ ಒತ್ತಿ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಬೇಗ ಬೇಗ, ಕದ್ದು ತಿನ್ನುವವರ ಹಾಗೆ. ಯಾರೂ ನೋಡುತ್ತಿಲ್ಲ ಅಂತ ನೀನು ಅಂದುಕೊಂಡಿದ್ದೆ. ಮಿಕ್ಕದ್ದು ನಿನಗೆ ಸಿಗಲಿ ಅಂತ ನಾನು ಬಿಡಲು ಶುರು ಮಾಡಿದೆನೋ, ನಿನ್ನ ಹಾಗಾಗಬೇಕು ಅಂತಲೋ, ನಿನ್ನ ಹಾಗಾಗಬಾರದು ಅಂತಲೋ, ಗೊತ್ತಿಲ್ಲ.

ಈ ವಾರ ಚೆನ್ನಾಗಿಲ್ಲ. ಗುರುವಾರ ತೂಗಿದ ಮೇಲೆ ಡಾಕ್ಟರು ಜಾಸ್ತಿ ಮಾತಾಡಲಿಲ್ಲ. 28ಕ್ಕೆ ಏನು ಹೇಳುತ್ತಾರೆಂದು ನನಗೆ ಅಂದಾಜಿದೆ.

27ಕ್ಕೆ ಬಾ. ಬೆಳಿಗ್ಗೆ ಬಾ, ಕ್ರೋಸಾಂಟ್ ಖಾಲಿಯಾಗುವ ಮೊದಲು. ಕಿಟಕಿಯ ಮೇಜು ಹಿಡಿದಿಡುತ್ತೇನೆ. ಹೊಸ ಕರಾರು: ನೀನು ನನ್ನ ತಟ್ಟೆ ನೋಡಬಾರದು, ನಾನು ನಿನ್ನ ತಟ್ಟೆ ನೋಡುವುದಿಲ್ಲ. ಮೊಳೆಗೆ ಚುಚ್ಚುವಂಥದ್ದು ಏನೂ ತರಬೇಡ.

ನಾನು


ಸೆಪ್ಟೆಂಬರ್ 2

ಅಮ್ಮನಿಗೆ,

ಭಾನುವಾರ ನೀನೂ ಅಪ್ಪನೂ ನೋಡಲು ಬರುವ ಮೊದಲೇ ಇದು ನಿಮಗೆ ಸಿಗಲಿ ಅಂತ ಬರೆಯುತ್ತಿದ್ದೇನೆ.

ವಾರ್ಡಿನಲ್ಲಿ ಕ್ರೋಸಾಂಟ್ ಇಲ್ಲ. ಬ್ರೆಡ್ಡು, ಬೆಣ್ಣೆ, ಹಾಲು. ತಟ್ಟೆ ಖಾಲಿಯಾಗುವವರೆಗೆ ನರ್ಸಮ್ಮ ಪಕ್ಕದಲ್ಲೇ ಕೂತಿರುತ್ತಾರೆ. ಪಕ್ಕದ ಮಂಚದವಳು ಬ್ರೆಡ್ಡಿನ ಅಂಚನ್ನು ಮೊದಲು ಸುತ್ತಲೂ ಕಚ್ಚಿ ಮುಗಿಸುತ್ತಾಳೆ, ಕಷ್ಟದ್ದು ಮೊದಲು ಆಗಿಬಿಡಲಿ ಅಂತ. ನನಗೆ ಎಲ್ಲವೂ ಕಷ್ಟದ್ದೇ. ನಿನ್ನೆ ಅತ್ತೆ. ಇಲ್ಲಿಗೆ ಸೇರಿಸುವ ಕಾಗದಕ್ಕೆ ಸಹಿ ಹಾಕಿದ್ದಕ್ಕೆ ನಿನ್ನ ಮೇಲೆ ಇನ್ನೂ ಕೋಪವಿದೆ. ಹಾಕದಿದ್ದರೆ ಅದಕ್ಕೂ ಕೋಪ ಬರುತ್ತಿತ್ತು. ಅದನ್ನು ಇಲ್ಲಿಗೇ ಬಿಡುತ್ತೇನೆ.

ನೀನು ಸಹಿ ಹಾಕಿದ ಹಿಂದಿನ ದಿನದ್ದು, ತಿನ್ನುವವರ ನನ್ನ ಪಟ್ಟಿಯಲ್ಲಿ ಸೇರಿಸದೆ ಉಳಿದಿತ್ತು.

ಆಗಸ್ಟ್ 27, ಎಂಟು ಗಂಟೆ, ಕಿಟಕಿಯ ಮೇಜು. ರೈಲಿನಿಂದ ನೇರ ಬಂದ ಹೆಂಗಸು, ನಲವತ್ತರ ಆಚೆ. ಸ್ವೆಟರ್ ಬಿಚ್ಚಲಿಲ್ಲ. ಕೈಚೀಲ ತೊಡೆಯ ಮೇಲೆಯೇ. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ತಟ್ಟೆಯನ್ನು ಎರಡು ಸುತ್ತು ತಿರುಗಿಸಿದರು. ತಟ್ಟೆ ನೋಡಬಾರದು ಅನ್ನುವ ಕರಾರು ನನ್ನದೇ, ಆದರೂ ನಾನು ನೋಡಿದೆ. ಅರ್ಧ ತಿಂದ ಮೇಲೆ ಅವರ ಕೈ ಟಿಶ್ಯೂವಿನ ಕಡೆ ಹೋಯಿತು. ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ತಿರುಗಿ ಬಂತು. ಪೂರ್ತಿ ತಿಂದರು. ಮೂಗಿನ ಮೇಲೆ ಒಂದು ಚೂರು ಪದರ ಅಂಟಿತ್ತು, ನಾವ್ಯಾರೂ ಹೇಳಲಿಲ್ಲ. ಪುಡಿಯನ್ನು ಬೆರಳಿಂದ ಒತ್ತಲಿಲ್ಲ, ಅದು ತಟ್ಟೆಯಲ್ಲೇ ಉಳಿಯಿತು.

ಆಮೇಲೆ ಚಿಕ್ಕಮ್ಮನ ಕಡೆ ತಿರುಗಿ, ಇಡೀ ಅಂಗಡಿಗೆ ಕೇಳುವ ಹಾಗೆ, "ಇನ್ನೊಂದು ಕೊಡು" ಅಂದರು. ಮೇಷ್ಟ್ರು ಚಾಕು ಕೆಳಗಿಟ್ಟು ನೋಡಿದರು. ಹೆಂಗಸಿನ ಕಿವಿ ಕೆಂಪಾಯಿತು.

ಎರಡನೆಯದನ್ನು ತಿನ್ನಲು ಅವರಿಂದಾಗಲಿಲ್ಲ. ಅದು ಮೇಜಿನ ನಡುವೆ ಹಾಗೇ ಇತ್ತು.

ಎದುರಿಗೆ ಒಬ್ಬ ಹುಡುಗಿ ಕೂತಿದ್ದಳು. ತುದಿ ಮುರಿದುಕೊಂಡಳು. ಒಂದು ಪದರ ಬಿಡಿಸಿ ಬೆಳಕಿಗೆ ಹಿಡಿದಳು. ತುಂಬಾ ಹೊತ್ತು ಹಿಡಿದಿದ್ದಳು. ಹೆಂಗಸು ಅಷ್ಟು ಹೊತ್ತೂ ಕಿಟಕಿಯ ಆಚೆ, ಬರಿ ರಸ್ತೆಯನ್ನು ನೋಡುತ್ತಿದ್ದರು. ಹುಡುಗಿ ಆ ಪದರವನ್ನು ಬಾಯಿಗಿಟ್ಟುಕೊಂಡಳು. ಬೆಣ್ಣೆ ಸ್ವಲ್ಪ ಉಪ್ಪುಪ್ಪಾಗಿತ್ತು. ಇಷ್ಟು ದಿನ ತನ್ನ ಕೈಯಾರೆ ಆ ಬೆಣ್ಣೆಯನ್ನು ಮಡಿಚಿದ್ದಳು, ಆದರೂ ಅದರ ಉಪ್ಪು ಅವಳಿಗೆ ಗೊತ್ತಿರಲಿಲ್ಲ.

ನಿನ್ನ ಮಗಳು